ಸಾಕ್ಷ್ಯ ಮತ್ತು ಸಾಕ್ಷಿ: ಮುಂಬಯಿ ವಸತಿ ಹೋರಾಟದ ಪಠ್ಯಗಳ ಒಂದು ಓದು

ನಗರದ ಬಡತನವನ್ನು ಕುರಿತ ಮನವಿ, ವರದಿ, ಸಮೀಕ್ಷೆ, ನ್ಯಾಯಾಲಯದ ತೀರ್ಪು ಇವುಗಳನ್ನು ನಾವು ಸಾಮಾನ್ಯವಾಗಿ ಸಾಹಿತ್ಯ ವಿಮರ್ಶೆಯ ಪರಿಧಿಯೊಳಗೆ ತರುವುದಿಲ್ಲ. ಅವು ಸಮಾಜಶಾಸ್ತ್ರಕ್ಕೋ ಕಾನೂನಿಗೋ ಸೇರಿದ ಸಾಮಗ್ರಿಯೆಂದು ಬದಿಗಿಡುತ್ತೇವೆ. ಆದರೆ ಅವೂ ಪಠ್ಯಗಳೇ. ಅವುಗಳಲ್ಲಿಯೂ ಒಬ್ಬ ನಿರೂಪಕನಿದ್ದಾನೆ, ಅವನು ನಿಂತು ನೋಡುವ ಒಂದು ಜಾಗವಿದೆ, ಅವನು ಉದ್ದೇಶಿಸಿ ಮಾತನಾಡುವ ಒಬ್ಬ ಓದುಗನಿದ್ದಾನೆ. ಬಡವನನ್ನು ಅವು ಯಾವ ವಿಶೇಷಣಗಳಿಂದ ಬಣ್ಣಿಸುತ್ತವೆ, ಯಾವ ಕ್ರಿಯಾಪದಗಳ ಕರ್ತೃವನ್ನಾಗಿಸುತ್ತವೆ ಎನ್ನುವುದು ಕೇವಲ ಶೈಲಿಯ ಪ್ರಶ್ನೆಯಲ್ಲ. ಕಥೆಯೊಂದನ್ನು ಅಸಡ್ಡೆಯಿಂದ ಓದಿದರೆ ಆಗುವ ನಷ್ಟ ಓದುಗನದು ಮಾತ್ರ. ಇಂಥ ಪಠ್ಯಗಳನ್ನು ಬರೆಯುವಲ್ಲಿ ಆಗುವ ಅಸಡ್ಡೆಗೆ ಬೆಲೆ ತೆರುವವರು ಅವುಗಳನ್ನು ಎಂದೂ ಓದದ ಜನ.

ಪ್ರಸ್ತುತ ಲೇಖನದ ಉದ್ದೇಶ ಸೀಮಿತವಾದುದು. ಮುಂಬಯಿಯ ವಸತಿ ಹೋರಾಟಕ್ಕೆ ಸಂಬಂಧಿಸಿದ ಕೆಲವು ಪಠ್ಯಗಳನ್ನು ಇಲ್ಲಿ ಪರಿಶೀಲಿಸಲಾಗಿದೆ: 1985ರ ಓಲ್ಗಾ ಟೆಲಿಸ್ ತೀರ್ಪು, ಅದೇ ವರ್ಷದ ಆನಂದ ಪಟವರ್ಧನರ ಸಾಕ್ಷ್ಯಚಿತ್ರ, ಅದೇ ವರ್ಷ ಫುಟ್‌ಪಾತ್ ನಿವಾಸಿಗಳ ನಡುವೆ ನಡೆದ ಒಂದು ಸಮೀಕ್ಷೆ ಮತ್ತು 1995ರ ಅನಂತರದ ಪುನರ್ವಸತಿ ಯೋಜನೆಯ ಭಾಷೆ. ಕೊನೆಯಲ್ಲಿ ಮುಂಬಯಿಯ ಕನ್ನಡ ಕಥನವನ್ನು ಇವುಗಳ ಪಕ್ಕದಲ್ಲಿಟ್ಟು ಒಂದು ಪ್ರಶ್ನೆಯನ್ನು ಕೇಳಲಾಗಿದೆ. ಇಲ್ಲಿ ಮಂಡಿಸುವ ವಾದ ಇಷ್ಟೆ: ಸುಧಾರಣೆಯ ಬರಹದಲ್ಲಿ ಬಡವನು ಎರಡು ರೀತಿಯಲ್ಲಿ ಕಾಣಿಸಿಕೊಳ್ಳಬಹುದು. ಒಂದೋ ಅವನು ಸಾಕ್ಷ್ಯ, ಎಂದರೆ ಬೇರೊಬ್ಬರು ತಮ್ಮ ವಾದಕ್ಕೆ ತೋರಿಸುವ ವಸ್ತು. ಇಲ್ಲವೇ ಅವನು ಸಾಕ್ಷಿ, ಎಂದರೆ ತಾನು ಕಂಡದ್ದನ್ನು, ತನಗೆ ಬೇಕಾದದ್ದನ್ನು ತಾನೇ ಹೇಳುವವನು. ಅವನು ಸಾಕ್ಷ್ಯವಾಗಿ ಮಾತ್ರ ಉಳಿದ ಕಡೆಗಳಲ್ಲಿ ಸುಧಾರಣೆ ಕಟ್ಟಡಗಳನ್ನು ಕಟ್ಟಿದೆ, ಬಡವನನ್ನು ಮಾತ್ರ ಅಲ್ಲಿಂದ ದೂರ ಸಾಗಿಸಿದೆ.

1

ಈ ಬಗೆಯ ಬರಹಕ್ಕೆ ಒಂದು ಪ್ರಸಿದ್ಧ ಪೂರ್ವಮಾದರಿಯಿದೆ. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ವಲಸೆ ಬಂದ ಪತ್ರಕರ್ತ ಜೇಕಬ್ ರೀಸ್ 1890ರಲ್ಲಿ ನ್ಯೂಯಾರ್ಕಿನ ಬಾಡಿಗೆ ವಠಾರಗಳನ್ನು ಕುರಿತು 'ಹೌ ದಿ ಅದರ್ ಹಾಫ್ ಲಿವ್ಸ್' ಎಂಬ ಪುಸ್ತಕವನ್ನು ಪ್ರಕಟಿಸಿದ. ಆಗಷ್ಟೇ ಬಳಕೆಗೆ ಬಂದಿದ್ದ ಮಿಂಚುಪುಡಿಯ ಬೆಳಕನ್ನು ಹೊತ್ತಿಸಿ, ಕತ್ತಲೆಯ ಕೋಣೆಗಳಲ್ಲಿ ಮಲಗಿದ್ದವರ ಚಿತ್ರಗಳನ್ನು ತೆಗೆದ. ಆ ಪುಸ್ತಕದ ಪರಿಣಾಮವನ್ನು ಯಾರೂ ಅಲ್ಲಗಳೆಯಲಾರರು. ಅವನು ಅತಿ ಹೆಚ್ಚು ಖಂಡಿಸಿದ ಮಲ್ಬರಿ ಬೆಂಡ್ ಎಂಬ ಕೇರಿ ನೆಲಸಮವಾಗಿ 1897ರಲ್ಲಿ ಅಲ್ಲಿ ಉದ್ಯಾನವೊಂದು ತೆರೆಯಿತು. 1901ರಲ್ಲಿ ನ್ಯೂಯಾರ್ಕ್ ರಾಜ್ಯ ವಠಾರಗಳ ನಿಯಂತ್ರಣಕ್ಕೆ ಕಟ್ಟುನಿಟ್ಟಿನ ಕಾನೂನು ಮಾಡಿತು. ಆದರೆ ಪುಸ್ತಕದುದ್ದಕ್ಕೂ ಇಟಲಿಯವರು, ಯೆಹೂದ್ಯರು, ಚೀನೀಯರು ತಮ್ಮ ತಮ್ಮ ಜನಾಂಗದ 'ಗುಣ'ಗಳೊಡನೆ ಬಣ್ಣಿಸಲ್ಪಡುತ್ತಾರೆ. ಮಾತನಾಡುವ ಅವಕಾಶ ಅವರಿಗೆ ಬಲು ಅಪರೂಪ. ಕೇರಿಯಿದ್ದ ಜಾಗದಲ್ಲಿ ಬಂದದ್ದು ಉದ್ಯಾನ, ಅಲ್ಲಿದ್ದವರಿಗೆ ಮನೆಯಲ್ಲ.

ಇದೇ ತರ್ಕ ಕೆಲವೇ ವರ್ಷಗಳಲ್ಲಿ ಮುಂಬಯಿಯಲ್ಲಿಯೂ ಕೆಲಸ ಮಾಡಿತು. 1896ರಲ್ಲಿ ನಗರಕ್ಕೆ ಪ್ಲೇಗು ತಗುಲಿತು. 1898ರಲ್ಲಿ ಶಾಸನದ ಮೂಲಕ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಬೆಳಕು ಮತ್ತು ಗಾಳಿ ಅದರ ಘೋಷಿತ ಧ್ಯೇಯ. ನಾಗಪಾಡಾದಿಂದ ಆರಂಭಿಸಿ ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ತೆಗೆಯಲಾಯಿತು. ಕಾರ್ಮಿಕರಿಗಾಗಿ ಒಂದಷ್ಟು ಚಾಳುಗಳನ್ನೂ ಕಟ್ಟಲಾಯಿತು. ಆದರೆ ಆರಂಭದ ವರ್ಷಗಳಲ್ಲಿ ಕೆಡವಿದ ಖೋಲಿಗಳಷ್ಟು ಹೊಸ ಖೋಲಿಗಳು ಏಳಲಿಲ್ಲ. ಎದ್ದವರು ಪಕ್ಕದ ಕೇರಿಗೆ ಹೋಗಿ ಅಲ್ಲಿನ ದಟ್ಟಣೆಯನ್ನು ಹೆಚ್ಚಿಸಿದರು. ಟ್ರಸ್ಟಿನ ದೃಷ್ಟಿಯಲ್ಲಿ ರೋಗ ಇದ್ದದ್ದು ಕಟ್ಟಡದಲ್ಲಿ. ಅಲ್ಲಿ ವಾಸವಾಗಿದ್ದವನು ಅಷ್ಟು ಇಕ್ಕಟ್ಟಿನಲ್ಲಿ ಏಕೆ ಇದ್ದ, ಅವನ ಗಿರಣಿ ಎಷ್ಟು ದೂರ, ಅವನ ಕೂಲಿ ಎಷ್ಟು ಎಂಬ ಪ್ರಶ್ನೆಗಳು ನಕಾಶೆಯಲ್ಲಿ ಬರುವಂಥವಲ್ಲ. ವಸತಿ ಮತ್ತು ಜೀವನೋಪಾಯಗಳ ನಡುವಿನ ಈ ಸಂಬಂಧವನ್ನು ಕಾನೂನಿನ ಭಾಷೆ ಒಪ್ಪಿಕೊಳ್ಳಲು ಇನ್ನೂ ಎಂಬತ್ತೇಳು ವರ್ಷಗಳು ಬೇಕಾದವು.

2

1981ರ ಜುಲೈ 13ರಂದು ಮಹಾರಾಷ್ಟ್ರದ ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಲೆಯವರು ಮುಂಬಯಿಯ ಫುಟ್‌ಪಾತ್ ನಿವಾಸಿಗಳನ್ನು ತೆರವುಗೊಳಿಸಿ ಅವರವರ ಊರುಗಳಿಗೆ ಕಳುಹಿಸಲಾಗುವುದೆಂದು ಪ್ರಕಟಿಸಿದರು. ಮಳೆಗಾಲದ ನಡುವೆ, ಜುಲೈ 23ರಂದು, ಜೋಪಡಿಗಳು ಉರುಳಿದವು. ಜನರನ್ನು ಬಸ್ಸುಗಳಿಗೆ ಹತ್ತಿಸಲಾಯಿತು. ಇದರ ವಿರುದ್ಧ ಸಲ್ಲಿಕೆಯಾದ ಅರ್ಜಿಗಳ ಮೇಲೆ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ 1985ರ ಜುಲೈ 10ರಂದು ತೀರ್ಪು ನೀಡಿತು. ಬರೆದವರು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು. ಸಂವಿಧಾನದ 21ನೆಯ ವಿಧಿಯಲ್ಲಿ ಹೇಳಿದ ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಅಡಕವಾಗಿದೆ ಎಂಬ ಇದರ ಪ್ರತಿಪಾದನೆ ಪ್ರಸಿದ್ಧವಾಗಿದೆ. ಹೋರಾಟಗಾರರೂ ನ್ಯಾಯವಾದಿಗಳೂ ಇದನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಆದರೆ ತೀರ್ಪನ್ನು ಮೊದಲಿನಿಂದ ಕೊನೆಯವರೆಗೆ ಒಂದು ಕಥನವಾಗಿ ಓದಿದಾಗ ಅದರೊಳಗೆ ಎರಡು ದನಿಗಳಿರುವುದು ಗೋಚರವಾಗುತ್ತದೆ.

ಮೊದಲನೆಯದು ಆರಂಭದ ವರ್ಣನೆಯ ದನಿ. ಕೊಳಚೆ, ನಾಯಿ, ಬೆಕ್ಕು, ಇಲಿಗಳ ನಡುವೆ ಬದುಕುವ ಜನ, ದಾರಿಹೋಕರ ಕಣ್ಣೆದುರಿಗೇ ಸ್ನಾನ ಮಾಡಬೇಕಾದ ಹೆಣ್ಣುಮಕ್ಕಳು, ಒಬ್ಬರ ತಲೆಯಿಂದ ಇನ್ನೊಬ್ಬರು ಹೇನು ತೆಗೆಯುವ ಹೆಂಗಸರು, ಭಿಕ್ಷೆ ಬೇಡುವ ಹುಡುಗರು, ಕೆಲಸವಿಲ್ಲದೆ ಸರಗಳ್ಳತನಕ್ಕಿಳಿಯುವ ಗಂಡಸರು. ಈ ಚಿತ್ರ ಓದುಗನ ಮನಸ್ಸನ್ನು ಕಲಕಬೇಕೆಂದು ಬರೆದದ್ದು. ನ್ಯಾಯಮೂರ್ತಿಗಳ ಅನುಕಂಪವನ್ನು ಶಂಕಿಸಲು ಕಾರಣವಿಲ್ಲ. ಕಾನೂನಿನ ರಕ್ಷಕರೇ ಕಳ್ಳತನಕ್ಕೆ ಕೈಜೋಡಿಸುವ ಬಗ್ಗೆ ಒಂದು ಕಟುವ್ಯಂಗ್ಯವೂ ಅಲ್ಲಿದೆ. ಆದರೆ ಇದು ಕಾರಿನ ಕಿಟಕಿಯಿಂದ ಕಾಣುವ ಫುಟ್‌ಪಾತ್. ಮಧ್ಯಮವರ್ಗದ ನಾಗರಿಕನಲ್ಲಿ ಮೊದಲೇ ಇರುವ ಅಸಹ್ಯ ಹಾಗೂ ಭಯಗಳನ್ನೇ ಕರುಣೆಗೆ ಸಾಧನವಾಗಿ ಬಳಸುವ ಬರವಣಿಗೆ. ರೀಸನ ಮಿಂಚುಪುಡಿ ಮಾಡಿದ ಕೆಲಸವೂ ಇದೇ.

ಎರಡನೆಯ ದನಿ ಕೆಲವು ಪುಟಗಳಲ್ಲೇ ಕೇಳಿಸುತ್ತದೆ. ಅರ್ಜಿದಾರರ ವೃತ್ತಾಂತ ಬಂದಾಗ ಭಾಷೆ ಒಮ್ಮೆಲೇ ಸರಳವಾಗುತ್ತದೆ. ಒಬ್ಬ ತಮಿಳುನಾಡಿನ ಸೇಲಂನಿಂದ 1961ರಲ್ಲಿ ಬಂದ ಭೂಹೀನ ಕೂಲಿಕಾರ. ದಹಿಸರಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ದಿನಕ್ಕೆ 23 ರೂಪಾಯಿ ಕೂಲಿ. ಹೆದ್ದಾರಿಯ ಪಕ್ಕದ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಮತ್ತು ಕ್ಯಾನ್ವಾಸಿನ ಒಂದು ಆಸರೆಗಾಗಿ ಆತ ಗೂಂಡಾ ಒಬ್ಬನಿಗೆ 2,500 ರೂಪಾಯಿ ತೆತ್ತಿದ್ದಾನೆ. ಹೆಂಡತಿ, ಮೂವರು ಹೆಣ್ಣುಮಕ್ಕಳು. ಜುಲೈ 23ರಂದು ಇವರನ್ನು ಸೇಲಂ ಬಸ್ಸಿಗೆ ಹತ್ತಿಸಲಾಯಿತು. ಆತ ಕೆಲಸ ಹುಡುಕುತ್ತ ಮತ್ತೆ ಮುಂಬಯಿಗೆ ಬಂದು ಇನ್ನೊಂದು ಫುಟ್‌ಪಾತನ್ನು ಸೇರಿದ. ಇನ್ನೊಬ್ಬ ಅಹಮದನಗರ ಜಿಲ್ಲೆಯ ಸಂಗಮನೇರದಿಂದ 1969ರಲ್ಲಿ ಬಂದ ಚಮ್ಮಾರ. ಊರಿನಲ್ಲಿ ಅವನ ದಿನದ ದುಡಿಮೆ ಏಳೆಂಟು ರೂಪಾಯಿ. ಅಲ್ಲಿದ್ದ ಮನೆಯೂ ಕುಸಿದುಬಿದ್ದಿತ್ತು. ಮುಂಬಯಿಯಲ್ಲಿ ಬದಲಿ ಕಾಮಗಾರನಾಗಿ ತಿಂಗಳಿಗೆ 350 ರೂಪಾಯಿ. ತುಳಸಿವಾಡಿಯ ಫುಟ್‌ಪಾತಿನ ಜಾಗಕ್ಕೆ ಅಲ್ಲಿನ ಗೂಂಡಾನಿಗೆ 300, ಬಿದಿರು ಮತ್ತು ಪ್ಲಾಸ್ಟಿಕ್ ಹಾಳೆಗೆ 700.

ಈ ಅಂಕಿಗಳನ್ನು ಆರಂಭದ ವರ್ಣನೆಯ ಪಕ್ಕದಲ್ಲಿ ಇಟ್ಟು ನೋಡಬೇಕು. ಅಲ್ಲಿ ಕೆಲಸವಿಲ್ಲದ ಗಂಡಸರಿದ್ದರು. ಇಲ್ಲಿರುವವರು ಕಾರ್ಖಾನೆಯ ಕೂಲಿ ಮತ್ತು ಬದಲಿ ಕಾಮಗಾರ. ಅಲ್ಲಿ ಬಿಟ್ಟಿಯಾಗಿ ಜಾಗ ಹಿಡಿದವರಿದ್ದಾರೆಂಬ ಭಾವನೆ ಬರುತ್ತದೆ. ಇಲ್ಲಿರುವವರಲ್ಲಿ ಒಬ್ಬ ನೂರಕ್ಕೂ ಹೆಚ್ಚು ದಿನಗಳ ಕೂಲಿಯನ್ನು ಫುಟ್‌ಪಾತಿನ ಒಂದು ತುಂಡಿಗೆ ಸುರಿದವನು. ಇದೇ ತೀರ್ಪಿನಲ್ಲಿ ವಿಲೇ ಪಾರ್ಲೆಯ ಕಾಮರಾಜ ನಗರದ ಪ್ರಸ್ತಾಪವೂ ಬರುತ್ತದೆ. ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯುದ್ದಕ್ಕೂ ನೀರಿನ ಕೊಳವೆ ಹಾಕಲು ಬಂದ ಗುತ್ತಿಗೆ ಕಂಪನಿಯ ಕೆಲಸಗಾರರು 1960-61ರ ಸುಮಾರಿಗೆ ಕಟ್ಟಿಕೊಂಡ ಬಸ್ತಿ ಅದು. ನಗರಕ್ಕೆ ನೀರು ತಂದವರೇ ನಗರದ ದೃಷ್ಟಿಯಲ್ಲಿ ಅತಿಕ್ರಮಣಕಾರರಾದರು. ತೀರ್ಪಿನ ಅತ್ಯುತ್ತಮ ಭಾಗ, ಎಂದರೆ ಬಡವರು ಕೆಲಸದ ಸಮೀಪ ಇರಬೇಕಾದ ಕಾರಣದಿಂದಲೇ ಫುಟ್‌ಪಾತನ್ನು ಆರಿಸಿಕೊಳ್ಳುತ್ತಾರೆ, ಅಲ್ಲಿಂದ ಎತ್ತಿದರೆ ಅವರ ಉದ್ಯೋಗವೂ ಹೋಗುತ್ತದೆ ಎನ್ನುವ ತಾರ್ಕಿಕ ನೆಲೆ, ಹುಟ್ಟಿರುವುದು ಈ ವೃತ್ತಾಂತಗಳಿಂದ. ಅದು ಆರಂಭದ ವರ್ಣನೆಯಿಂದ ಹುಟ್ಟಲು ಸಾಧ್ಯವಿರಲಿಲ್ಲ.

ಆದರೆ ತೀರ್ಪಿನ ಕೊನೆ ಮತ್ತೆ ಮೊದಲ ದನಿಗೆ ಮರಳುತ್ತದೆ. ಹಕ್ಕನ್ನು ಒಪ್ಪಿದ ನ್ಯಾಯಾಲಯ, ಫುಟ್‌ಪಾತ್ ಇರುವುದು ನಡೆದಾಡುವವರಿಗಾಗಿ, ಪಾಲಿಕೆ ಅದನ್ನು ತೆರವುಗೊಳಿಸಬಹುದು ಎಂದಿತು. 1888ರ ಮುಂಬಯಿ ಪಾಲಿಕೆ ಕಾಯಿದೆಯ 314ನೆಯ ಕಲಮನ್ನು ಅದು ರದ್ದುಗೊಳಿಸಲಿಲ್ಲ. ಸಾಮಾನ್ಯವಾಗಿ ನೋಟೀಸು ಕೊಡಬೇಕೆಂದು ಮಾತ್ರ ಅರ್ಥೈಸಿತು. 1976ರ ಗಣತಿಯಲ್ಲಿ ಗುರುತುಪತ್ರ ಪಡೆದವರಿಗೆ ಪರ್ಯಾಯ ಜಾಗ ಕೊಡಬೇಕು, ಮಳೆಗಾಲ ಮುಗಿದು 1985ರ ಅಕ್ಟೋಬರ್ 31 ಕಳೆಯುವವರೆಗೆ ತೆರವು ಬೇಡ ಎಂದಿತು. ಮನುಷ್ಯರ ಬದುಕಿನಿಂದ ತೆಗೆದ ಸತ್ಯ ಸಿದ್ಧಾಂತದ ಭಾಗದಲ್ಲಿ ಉಳಿಯಿತು. ಆದೇಶದ ಭಾಗಕ್ಕೆ ಬರುವಷ್ಟರಲ್ಲಿ ಉಳಿದದ್ದು ನೋಟೀಸು, ಗುರುತುಪತ್ರ, ದಿನಾಂಕ. ಈ ಮೊಕದ್ದಮೆಯ ಹೆಸರಿನಲ್ಲಿಯೂ ಒಂದು ಸೂಚನೆಯಿದೆ. ಇತಿಹಾಸ ಇದನ್ನು ನೆನೆಯುವುದು ಅರ್ಜಿದಾರರಲ್ಲಿ ಒಬ್ಬರಾಗಿದ್ದ ಪತ್ರಕರ್ತೆಯ ಹೆಸರಿನಿಂದ. ಆಕೆಯ ಶ್ರಮವನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ಸೇಲಂ ಬಸ್ಸಿನಿಂದ ಮರಳಿ ಬಂದವನು ಇತಿಹಾಸದಲ್ಲಿ 'ಮತ್ತು ಇತರರು' ಎಂಬ ಪದದೊಳಗೆ ಸೇರಿಹೋದ.

3

ತೀರ್ಪು ಬಂದ ವರ್ಷವೇ ಆನಂದ ಪಟವರ್ಧನರ 'ಹಮಾರಾ ಶಹರ್' ಬಿಡುಗಡೆಯಾಯಿತು. ಎಪ್ಪತ್ತೈದು ನಿಮಿಷಗಳ ಈ ಚಿತ್ರ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ತೆರವು ಕಾರ್ಯಾಚರಣೆಯ ದೃಶ್ಯಗಳ ಪಕ್ಕದಲ್ಲಿ ನಗರದ ಸೌಂದರ್ಯದ ಬಗ್ಗೆ ಚಿಂತಿಸುವ ಅನುಕೂಲಸ್ಥರ ಮಾತುಗಳನ್ನಿಟ್ಟು ಚಿತ್ರ ತನ್ನ ವಾದವನ್ನು ಕಟ್ಟುತ್ತದೆ. ಈ ವಿರೋಧಾಭಾಸ ಕೆಲವೆಡೆ ತೀರ ಸುಲಭವೆನಿಸುತ್ತದೆ. ಉಳ್ಳವರ ಮಾತುಗಳೇ ಅವರನ್ನು ಬಯಲಿಗೆಳೆಯುವಾಗ ಪ್ರೇಕ್ಷಕನಿಗೆ ತಾನು ಅವರ ಪೈಕಿಯವನಲ್ಲವೆಂಬ ಸಮಾಧಾನ ಸಿಕ್ಕಿಬಿಡುತ್ತದೆ. ಆದರೆ ಚಿತ್ರದ ಒಂದು ಗಳಿಗೆ ಈ ಸಮಾಧಾನವನ್ನು ಒಡೆಯುತ್ತದೆ. ಮನೆ ಕಳೆದುಕೊಂಡ ಹೆಂಗಸೊಬ್ಬಳು ಕ್ಯಾಮೆರಾದ ಕಡೆಗೆ ತಿರುಗಿ ಚಿತ್ರ ತೆಗೆಯುವವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಬಡವರ ಚಿತ್ರ ತೆಗೆದು ನೀವು ಹೆಸರು ಮಾಡುತ್ತೀರಿ, ನಮಗೇನು ಬಂತು ಎನ್ನುವುದು ಅವಳ ಪ್ರಶ್ನೆಯ ಸಾರ.

ಪಟವರ್ಧನರು ಆ ಭಾಗವನ್ನು ಕತ್ತರಿಸಿ ಎಸೆಯಬಹುದಾಗಿತ್ತು. ಎಸೆಯದೆ ಉಳಿಸಿಕೊಂಡದ್ದು ಈ ಕೃತಿಯ ನೈತಿಕ ಗಟ್ಟಿತನಕ್ಕೆ ಕಾರಣ. ತನ್ನ ದುಃಖವನ್ನು ತೋರಿಸುವುದಕ್ಕೆ ಮಾತ್ರ ಕರೆಯಲ್ಪಟ್ಟವಳು ತೋರಿಸುವವನನ್ನೇ ಪ್ರಶ್ನಿಸಿದಾಗ, ಸಾಕ್ಷ್ಯವಾಗಿದ್ದವಳು ಸಾಕ್ಷಿಯಾಗುತ್ತಾಳೆ. ಚಿತ್ರದಲ್ಲಿ ಹಾಡುವ ವಿಲಾಸ ಘೋಗ್ರೆಯೂ ಇಂಥದೇ ಸಾಕ್ಷಿ. ಕಾರ್ಮಿಕ ಬಸ್ತಿಯಿಂದಲೇ ಬಂದ ಈ ದಲಿತ ಕವಿ-ಗಾಯಕ 1997ರಲ್ಲಿ, ಘಾಟ್‌ಕೋಪರಿನ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ ಹತ್ತು ಜನ ಬಲಿಯಾದ ಬಳಿಕ ಆತ್ಮಹತ್ಯೆ ಮಾಡಿಕೊಂಡರು. ಆ ಹೆಂಗಸಿನ ಪ್ರಶ್ನೆಗೆ ಚಿತ್ರದೊಳಗೆ ಉತ್ತರವಿಲ್ಲ. ಉತ್ತರವನ್ನು ನಿರ್ದೇಶಕರು ಚಿತ್ರದ ಹೊರಗೆ ಹುಡುಕಿದರೆನ್ನಬೇಕು: 1986ರಲ್ಲಿ ದಕ್ಷಿಣ ಮುಂಬಯಿಯ ಸಂಜಯ್ ಗಾಂಧಿ ನಗರ ನೆಲಸಮವಾದಾಗ ನಿವಾಸಿಗಳೊಂದಿಗೆ ಶಬಾನಾ ಆಜ್ಮಿ ಮತ್ತು ಪಟವರ್ಧನರು ಉಪವಾಸ ಕುಳಿತರು; ಆ ಹೋರಾಟದ ಫಲವಾಗಿ ಗೋರೆಗಾಂವಿನಲ್ಲಿ ಪರ್ಯಾಯ ಜಾಗ ದೊರೆಯಿತು.

1985ರಲ್ಲಿಯೇ ಸ್ಪಾರ್ಕ್ ಎಂಬ ಸಂಸ್ಥೆ ಬೈಕಲಾ ಪರಿಸರದ ಫುಟ್‌ಪಾತ್ ನಿವಾಸಿಗಳ ನಡುವೆ ಒಂದು ಗಣತಿಯನ್ನು ನಡೆಸಿತು. ಸುಮಾರು ಆರು ಸಾವಿರ ಕುಟುಂಬಗಳ ಮಾಹಿತಿಯಿದ್ದ ಆ ವರದಿಯ ಹೆಸರು 'ವಿ, ದಿ ಇನ್‌ವಿಸಿಬಲ್'. ಶೀರ್ಷಿಕೆಯ ಮೊದಲ ಪದವನ್ನು ಗಮನಿಸಬೇಕು. ಅಧಿಕೃತ ಗಣತಿಗಳಲ್ಲಿ ಸದಾ ಪ್ರಥಮಪುರುಷದಲ್ಲಿ 'ಅವರು' ಆಗಿದ್ದವರು ಇಲ್ಲಿ 'ನಾವು' ಆದರು. ಈ ಬದಲಾವಣೆ ವ್ಯಾಕರಣದ್ದಷ್ಟೇ ಆಗಿ ಉಳಿಯಲಿಲ್ಲ. ಗಣತಿಯ ಬೆನ್ನಿಗೇ ಫುಟ್‌ಪಾತಿನ ಹೆಂಗಸರ 'ಮಹಿಳಾ ಮಿಲನ' ಎಂಬ ಒಕ್ಕೂಟ ಹುಟ್ಟಿತು. ಅವರು ತಮಗೆ ಬೇಕಾದ ಮನೆಯ ಪೂರ್ಣಪ್ರಮಾಣದ ಮಾದರಿಯನ್ನು ತಾವೇ ನಿರ್ಮಿಸಿ ಪ್ರದರ್ಶಿಸಿದರು. ಅದರ ವಿಶೇಷ ಹದಿನಾಲ್ಕು ಅಡಿಯ ಎತ್ತರ. ನೆಲ ಚಿಕ್ಕದಾದರೂ ಎತ್ತರವಿದ್ದರೆ ಒಳಗೆ ಅಟ್ಟ ಹಾಕಿಕೊಳ್ಳಬಹುದು; ಮಕ್ಕಳಿಗೆ ಮಲಗುವ ಜಾಗ, ಸಾಮಾನಿಗೆ ಇಡುವ ಜಾಗ ಎರಡೂ ಆಗುತ್ತದೆ. ಶೌಚಾಲಯ ಖೋಲಿಯೊಳಗೆ ಬೇಡ, ಕೆಲವು ಮನೆಗಳಿಗೆ ಸೇರಿ ಹೊರಗಿರಲಿ ಎಂದರು. ಯಾವ ವಾಸ್ತುಶಿಲ್ಪಿಯ ಪಠ್ಯಪುಸ್ತಕದಲ್ಲಿಯೂ ಇರದ ಈ ಜ್ಞಾನ ದಶಕಗಳ ಕಾಲ ಆರಡಿಯ ಜಾಗದಲ್ಲಿ ಸಂಸಾರ ನಡೆಸಿದವರದು. ಆದರೂ ಒಂದು ಮಿತಿಯನ್ನು ಹೇಳಲೇಬೇಕು. ವರದಿಯ 'ನಾವು' ಬಂದದ್ದು ಇಂಗ್ಲಿಷಿನಲ್ಲಿ. ಅದರ ಓದುಗರು ಅಧಿಕಾರಿಗಳು, ನ್ಯಾಯವಾದಿಗಳು, ದಾನಿಸಂಸ್ಥೆಗಳು. ತಾವು ಯಾರ 'ನಾವು' ಆಗಿದ್ದೇವೆಂದು ಆ ಹೆಂಗಸರು ಓದಿ ತಿಳಿಯುವ ಸಾಧ್ಯತೆ ಕಡಿಮೆಯಿತ್ತು.

ಈ ಚಳುವಳಿಯಲ್ಲಿ ಸ್ಪಾರ್ಕ್ ಮತ್ತು ಮಹಿಳಾ ಮಿಲನದ ಜೊತೆಗೆ ದುಡಿದ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟದ ನಾಯಕ ಜಾಕಿನ್ ಅರ್ಪುತಮ್ ಹುಟ್ಟಿದ್ದು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಎಂಬುದನ್ನು ಕನ್ನಡದ ಓದುಗರು ನೆನೆಯಬೇಕು. ಅರುವತ್ತರ ದಶಕದಲ್ಲಿ ಮುಂಬಯಿಗೆ ಬಂದ ಅವರು ನೆಲೆಸಿದ್ದು ಮಾನ್‌ಖುರ್ದಿನ ಜನತಾ ಕಾಲೊನಿಯಲ್ಲಿ. 1976ರಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ಆ ಇಡೀ ವಸತಿಯನ್ನು ಎತ್ತಿ ಚೀತಾ ಕ್ಯಾಂಪಿಗೆ ಸಾಗಿಸಲಾಯಿತು. ಬಸ್ತಿಯ ಕಸವನ್ನು ಪಾಲಿಕೆ ಒಯ್ಯದಿದ್ದಾಗ ಮಕ್ಕಳ ಕೈಯಿಂದ ಅದನ್ನು ಪಾಲಿಕೆಯ ಕಚೇರಿಯ ಮುಂದೆ ಸುರಿಸಿದ್ದು ಅವರ ಆರಂಭದ ಹೋರಾಟಗಳಲ್ಲಿ ಒಂದು. 2000ದಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಪಡೆದು 2018ರಲ್ಲಿ ತೀರಿಕೊಂಡ ಅವರ ಬಹು ಮುಖ್ಯ ಪಾಠ ಗಣತಿಯನ್ನು ಕುರಿತದ್ದು: ತಮ್ಮನ್ನು ತಾವೇ ಎಣಿಸಿಕೊಂಡ ಜನರನ್ನು ಸರ್ಕಾರ ಸುಲಭವಾಗಿ ಇಲ್ಲವೆನ್ನಲಾರದು.

4

ಈ ಹತ್ತು ವರ್ಷಗಳ ಹೋರಾಟದ ಬಳಿಕ 1995ರಲ್ಲಿ ಮಹಾರಾಷ್ಟ್ರ ಸರ್ಕಾರ 1971ರ ಕೊಳೆಗೇರಿ ಕಾಯಿದೆಯನ್ನು ತಿದ್ದಿ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರವನ್ನು ಸ್ಥಾಪಿಸಿತು. ಯೋಜನೆಯ ಸ್ವರೂಪ ಪರಿಚಿತವಾದುದು. ಜೋಪಡಿಯಿದ್ದ ಜಾಗದಲ್ಲಿ ಖಾಸಗಿ ಬಿಲ್ಡರನು ಬಹುಮಹಡಿ ಕಟ್ಟಡವೆಬ್ಬಿಸಿ ಅರ್ಹರಿಗೆ ಉಚಿತವಾಗಿ ಮನೆ ಕೊಡಬೇಕು. ಪ್ರತಿಯಾಗಿ ಮಾರಾಟಕ್ಕಾಗಿ ಹೆಚ್ಚುವರಿ ಕಟ್ಟುವ ಹಕ್ಕು ಅವನಿಗೆ ಸಿಗುತ್ತದೆ. ಈ ಯೋಜನೆಯಿಂದ ಸಾವಿರಾರು ಕುಟುಂಬಗಳಿಗೆ ಬೀಗ ಹಾಕಬಹುದಾದ ಬಾಗಿಲು, ನಳ್ಳಿ, ಒಳಗೇ ಶೌಚಾಲಯ ದೊರೆತಿವೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಗುವನ್ನು ಮಲಗಿಸಿದವರಿಗೆ ಇದು ಸಣ್ಣ ಸಂಗತಿಯಲ್ಲ. ಅದನ್ನು ಹಗುರವಾಗಿ ಕಾಣುವ ಹಕ್ಕು ಸೂರಿನ ಕೆಳಗೆ ಕುಳಿತು ಬರೆಯುವವರಿಗೆ ಇಲ್ಲ.

ನಮ್ಮ ಪರಿಶೀಲನೆಯ ವಿಷಯ ಯೋಜನೆಯ ಭಾಷೆ. ಅದರಲ್ಲಿ ಎರಡು ಪದಗಳು ಪ್ರಧಾನ: ಚದರಡಿ ಮತ್ತು ಕಟ್-ಆಫ್ ದಿನಾಂಕ. ಮನೆಯ ಅಳತೆ ಮೊದಲು 225 ಚದರಡಿ, ಆಮೇಲೆ 269, ಆಮೇಲೆ 300. ಅರ್ಹತೆಯ ದಿನಾಂಕ ಮೊದಲು 1995ರ ಜನವರಿ 1, ಆಮೇಲೆ 2000ದ ಜನವರಿ 1. ಬಳಿಕ ಹಣ ತೆತ್ತು ಪಡೆಯುವವರಿಗೆ 2011ರವರೆಗೆ ವಿಸ್ತರಣೆ. ಚುನಾವಣೆಗಳು ಸಮೀಪಿಸಿದಾಗ ಎರಡೂ ಅಂಕಿಗಳು ಹಿಗ್ಗುತ್ತವೆ. ಸೇಲಂನ ಕೂಲಿಕಾರನ ವೃತ್ತಾಂತದಲ್ಲಿ ಇಸವಿಯೊಂದು ಅವನ ಬದುಕಿನ ತಿರುವಾಗಿತ್ತು. ಇಲ್ಲಿ ಇಸವಿ ಅವನು ಮನುಷ್ಯನೆಂದು ಪರಿಗಣಿತನಾಗುವ ಗೆರೆ. ಮತದಾರರ ಪಟ್ಟಿ, ರೇಷನ್ ಕಾರ್ಡು, ವಿದ್ಯುತ್ ಬಿಲ್ಲು ಇವುಗಳಲ್ಲಿ ಆ ದಿನಾಂಕಕ್ಕೆ ಮುಂಚಿನದೊಂದು ಇರಬೇಕು. ವಿಳಾಸವಿಲ್ಲದವನಿಗೆ ರೇಷನ್ ಕಾರ್ಡು ಸಿಗುವುದು ಕಷ್ಟ; ರೇಷನ್ ಕಾರ್ಡಿಲ್ಲದವನಿಗೆ ವಿಳಾಸ ಸಿಗುವುದು ಕಷ್ಟ. ಕಲ್ಯಾಣ ಮತ್ತು ವಸತಿಗಳು ಒಂದನ್ನೊಂದು ಆಧರಿಸಬೇಕಾದ ಕಡೆ ಒಂದಕ್ಕೊಂದು ಅಡ್ಡಗೋಡೆಯಾಗಿ ನಿಂತಿವೆ. ಅತ್ಯಂತ ಬಡವರಾದ ಬಾಡಿಗೆದಾರರೂ ಹೊಸದಾಗಿ ವಲಸೆ ಬಂದವರೂ ಈ ಗೆರೆಯ ಆಚೆಗೇ ಉಳಿಯುತ್ತಾರೆ.

ಅಳತೆಯ ಭಾಷೆಯಿಂದ ಬಿಟ್ಟುಹೋದದ್ದು ಏನೆಂಬುದು ಗೋವಂಡಿ ಪರಿಸರದ ನಟವರ್ ಪಾರೇಖ್ ಕಾಂಪೌಂಡ್ ಮತ್ತು ಲಲ್ಲೂಭಾಯಿ ಕಾಂಪೌಂಡ್‌ಗಳಲ್ಲಿ ಗೋಚರವಾಯಿತು. ಬೇರೆಡೆಯಿಂದ ಎತ್ತಿ ತಂದವರಿಗಾಗಿ ಒತ್ತೊತ್ತಾಗಿ ಕಟ್ಟಿದ ಈ ಕಟ್ಟಡಗಳ ಕೆಳಮಹಡಿಗಳಲ್ಲಿ ಬಿಸಿಲೂ ಗಾಳಿಯೂ ಸಾಲದಿರುವುದಕ್ಕೂ ಅಲ್ಲಿನ ಕ್ಷಯರೋಗಕ್ಕೂ ಸಂಬಂಧವಿದೆಯೆಂದು 2018ರಲ್ಲಿ ಹೊರಬಂದ ವೈದ್ಯರ ಅಧ್ಯಯನವೊಂದು ತೋರಿಸಿತು. ಬೆಳಕು ಮತ್ತು ಗಾಳಿ ಎಂಬ 1898ರ ಧ್ಯೇಯವಾಕ್ಯ ನೂರಿಪ್ಪತ್ತು ವರ್ಷಗಳ ತರುವಾಯ ಸುಧಾರಣೆಯೇ ಕಟ್ಟಿದ ಮನೆಗಳ ವಿರುದ್ಧದ ದೂರಾಗಿ ಮರಳಿತು. ಹದಿನಾಲ್ಕು ಅಡಿ ಎತ್ತರ ಕೇಳಿದ ಹೆಂಗಸರ ಮಾದರಿಯನ್ನು ಇದರ ಪಕ್ಕದಲ್ಲಿಟ್ಟರೆ ಸಾಕ್ಷಿಯ ಮಾತನ್ನು ಕೇಳದಿರುವುದರ ಬೆಲೆ ಎಷ್ಟೆಂಬುದು ಅರಿವಾಗುತ್ತದೆ.

5

ಇನ್ನು ನಮ್ಮ ಕಥನಸಾಹಿತ್ಯದ ಪ್ರಶ್ನೆ. ಮುಂಬಯಿ ಕನ್ನಡ ಕಥನಕ್ಕೆ ಕೊಟ್ಟಷ್ಟನ್ನು ಹೊರನಾಡಿನ ಬೇರಾವ ನಗರವೂ ಕೊಟ್ಟಿಲ್ಲ. ಯಶವಂತ ಚಿತ್ತಾಲರ 'ಶಿಕಾರಿ' (1979) ಮಹಾನಗರದ ಕಂಪನಿ ಜಗತ್ತಿನೊಳಗಿನ ಭಯ ಮತ್ತು ಸಂಚುಗಳನ್ನು ಶೋಧಿಸಿತು. ವ್ಯಾಸರಾಯ ಬಲ್ಲಾಳರ 'ಬಂಡಾಯ' ಕಾರ್ಮಿಕ ಸಂಘರ್ಷದ ನೈತಿಕ ತೊಡಕುಗಳನ್ನು ಕೈಗೆತ್ತಿಕೊಂಡು 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಪಡೆಯಿತು. ಈ ಕಾದಂಬರಿಗಳ ಮಹತ್ವ ವಿವಾದಾತೀತ. ಆದರೆ ಇವುಗಳ ಕೇಂದ್ರದಲ್ಲಿರುವುದು ಪ್ರಧಾನವಾಗಿ ಓದುಬರಹ ಬಲ್ಲ, ಆತ್ಮವಿಮರ್ಶೆ ಮಾಡಿಕೊಳ್ಳಬಲ್ಲ ಮನಸ್ಸು. ಅಂಥ ಮನಸ್ಸಿಗೆ ಖೋಲಿ ಏಕಾಂತದ ಜಾಗ, ಕೆಲವೊಮ್ಮೆ ಅಡಗುತಾಣ. ಯಾರೋ ಬಂದು ಅದನ್ನು ಕೆಡವಬಹುದೆಂಬ ಭಯ ಆ ಲೋಕದ ಮುಖ್ಯ ಭಯವಲ್ಲ.

ನೆರೆಯ ಮರಾಠಿಯಲ್ಲಿ ಪರಿಸ್ಥಿತಿ ಭಿನ್ನವಾಗಿತ್ತು. ಅಣ್ಣಾಭಾವು ಸಾಠೆ ಘಾಟ್‌ಕೋಪರಿನ ಚಿರಾಗ್ ನಗರದ ಜೋಪಡಿಯಲ್ಲಿದ್ದುಕೊಂಡು ಬರೆದವರು. ಬಾಬುರಾವ್ ಬಾಗುಲರ ಅನುಭವಲೋಕ ಮಾಟುಂಗಾ ಲೇಬರ್ ಕ್ಯಾಂಪಿನದು. ನಾಮದೇವ ಢಸಾಳರ 'ಗೋಲಪೀಠಾ' (1972) ನಗರದ ಅತ್ಯಂತ ತಳದ ಕೇರಿಯೊಳಗಿನಿಂದಲೇ ಎದ್ದ ದನಿ. ಅಲ್ಲಿ ಸಾಕ್ಷಿಗಳೇ ಲೇಖಕರಾದರು. ಕನ್ನಡದಲ್ಲಿ ಹೀಗಾಗದಿರಲು ಕಾರಣ ಪ್ರತಿಭೆಯ ಕೊರತೆಯಲ್ಲ. ಮುಂಬಯಿಯ ಕನ್ನಡ ಓದುಬರಹದ ಲೋಕವನ್ನು ಕಟ್ಟಿದವರು ಬಹುಪಾಲು ಕರಾವಳಿ ಮತ್ತು ಉತ್ತರ ಕನ್ನಡದಿಂದ ಬಂದು ಕಚೇರಿ, ಹೋಟೆಲು, ರಾತ್ರಿಶಾಲೆಗಳ ಮೂಲಕ ಮೇಲೆದ್ದವರು. ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ಗಾರೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದು ಬಯಲಿನಲ್ಲಿ ಒಲೆ ಹೂಡಿದವರು ನಮ್ಮ ಸಂಘಸಂಸ್ಥೆಗಳ ಸಭಾಂಗಣಗಳಿಗೆ ಬಂದದ್ದು ಕಡಿಮೆ. ಬಂದಿದ್ದರೂ ಅದು ಕಟ್ಟಡ ಕಟ್ಟಲೆಂದೇ ಹೆಚ್ಚು.

ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ಈ ಅಂತರವನ್ನು ಬಹಳಮಟ್ಟಿಗೆ ದಾಟಿವೆ. ತೇಜಸ್ವಿನಿ ನಿರಂಜನ ಅವರ ಅನುವಾದದ ಮೂಲಕ 2018ರ ಸಾಲಿನ ದಕ್ಷಿಣ ಏಷ್ಯಾದ ಡಿ.ಎಸ್.ಸಿ. ಪ್ರಶಸ್ತಿ ಪಡೆದ ಈ ಕಥೆಗಳಲ್ಲಿ 'ನೋ ಪ್ರೆಸೆಂಟ್ಸ್ ಪ್ಲೀಸ್' ನಮ್ಮ ಚರ್ಚೆಗೆ ಪ್ರಸ್ತುತವಾದುದು. ಬಂಧುಬಳಗವೆಂದು ಹೇಳಿಕೊಳ್ಳಲು ಹೆಚ್ಚೇನೂ ಇಲ್ಲದ ಯುವಜೋಡಿಯೊಂದು ತಮ್ಮ ಮದುವೆಯ ಆಮಂತ್ರಣ ಪತ್ರಿಕೆಯನ್ನು ಸಿದ್ಧಪಡಿಸಲು ಹೊರಡುತ್ತದೆ. ಹೆಸರಿನ ಮುಂದೆ ಏನು ಹಾಕುವುದು, ಯಾರ ಕಡೆಯಿಂದ ಕರೆಯುವುದು ಎಂಬ ಸಣ್ಣ ತೊಡಕುಗಳಲ್ಲಿ ಕಥೆ ಬೆಳೆಯುತ್ತದೆ. ಆಮಂತ್ರಣ ಪತ್ರಿಕೆಯೂ ಒಂದು ದಾಖಲೆಯೇ. ರೇಷನ್ ಕಾರ್ಡಿನಂತೆ ಅದಕ್ಕೂ ಹೆಸರು, ಮನೆತನ, ವಿಳಾಸ ಬೇಕು. ಆದರೆ ರೇಷನ್ ಕಾರ್ಡಿನಲ್ಲಿ ಬಡವನು ಬೇಡುವವನು, ಇಲ್ಲಿ ಕರೆಯುವವನು. ಕಲ್ಯಾಣ ರಾಜ್ಯದ ಭಾಷೆಯಲ್ಲಿ ಫಲಾನುಭವಿ ಮಾತ್ರವಾಗಿದ್ದವನನ್ನು ಆತಿಥೇಯನನ್ನಾಗಿ ಕಾಣುವ ಈ ನೋಟ ಯಾವ ವರದಿಯೂ ಕೊಡಲಾರದ ಸಾಕ್ಷಿನುಡಿ. ಉಡುಗೊರೆ ಬೇಡವೆನ್ನುವ ಶೀರ್ಷಿಕೆಯನ್ನು ಉಚಿತ ಮನೆಯ ಘೋಷಣೆಗಳ ನಗರದಲ್ಲಿ ಓದಿದಾಗ ಅದಕ್ಕೆ ಇನ್ನೊಂದು ಅರ್ಥಚ್ಛಾಯೆಯೂ ಬರುತ್ತದೆ. ಆದರೂ ಕಾಯ್ಕಿಣಿಯವರ ಆಸಕ್ತಿ ಹೆಚ್ಚಾಗಿ ಮನುಷ್ಯರ ನಡುವಿನ ಆಕಸ್ಮಿಕ ಆರ್ದ್ರತೆಯಲ್ಲಿದೆ. ನೋಟೀಸು ಅಂಟಿಸಿ ಹೋಗುವ ಪ್ರಭುತ್ವ ಅವರ ಕಥೆಗಳ ಅಂಚಿನಲ್ಲಷ್ಟೇ ಸುಳಿಯುತ್ತದೆ. ಇದು ದೋಷವಲ್ಲ, ಅವರು ಆರಿಸಿಕೊಂಡ ನೆಲೆ. ಖಾಲಿ ಉಳಿದ ಜಾಗವನ್ನು ಬೇರೆಯವರು ತುಂಬಬೇಕಾಗಿದೆ.

ಇದು ಸಾಹಿತ್ಯಚರಿತ್ರೆಯ ಲೆಕ್ಕಾಚಾರ ಮಾತ್ರವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2011ರ ಜನಗಣತಿಯ ಪ್ರಕಾರ ಬೃಹನ್ಮುಂಬಯಿಯ ಸುಮಾರು 52 ಲಕ್ಷ ಜನ ಕೊಳೆಗೇರಿಗಳಲ್ಲಿದ್ದರು. ಇಂದು ಧಾರಾವಿಯ ಪುನರಭಿವೃದ್ಧಿ ಯೋಜನೆ ನಡೆಯುತ್ತಿದೆ. 2000ದ ಜನವರಿ 1ಕ್ಕೆ ಮುನ್ನ ನೆಲಮಹಡಿಯಲ್ಲಿ ವಾಸವಿದ್ದುದಕ್ಕೆ ದಾಖಲೆಯುಳ್ಳವರಿಗೆ ಅಲ್ಲಿಯೇ 350 ಚದರಡಿಯ ಮನೆ. ಆಮೇಲೆ ಬಂದವರಿಗೂ ಮೇಲಟ್ಟದಲ್ಲಿದ್ದವರಿಗೂ ಧಾರಾವಿಯ ಹೊರಗೆ ವಸತಿ ಎಂಬುದು ಯೋಜನೆಯ ಕ್ರಮ. ಹೀಗೆ ಹಂಚಿಹೋಗುವವರಲ್ಲಿ ಕನ್ನಡ ಮಾತನಾಡುವ ಕುಟುಂಬಗಳೂ ಇರುತ್ತವೆ. ಮನೆ ಬದಲಾದಾಗ ಬದಲಾಗುವುದು ಗೋಡೆಗಳಷ್ಟೇ ಅಲ್ಲ. ಪಾಲಿಕೆಯ ಕನ್ನಡ ಮಾಧ್ಯಮ ಶಾಲೆ ಎಲ್ಲ ವಾರ್ಡುಗಳಲ್ಲಿಯೂ ಇಲ್ಲ. ಹತ್ತು ಹದಿನೈದು ಕಿಲೊಮೀಟರು ದೂರ ಸರಿದ ಕುಟುಂಬದ ಮಗುವಿಗೆ ಕನ್ನಡದ ಅಕ್ಷರ ಅಲ್ಲಿಗೇ ನಿಲ್ಲಬಹುದು. ಅಂದರೆ ನಾಳಿನ ಸಾಕ್ಷಿ ತನ್ನ ಭಾಷೆಯನ್ನು ಕಲಿಯುವ ಮೊದಲೇ ಕಳೆದುಕೊಳ್ಳುತ್ತಾನೆ.

ಹೊರನಾಡಿನ ಕನ್ನಡ ವಿಭಾಗಗಳೂ ಪೀಠಗಳೂ ಇದುವರೆಗೆ ಸಂಘಗಳ ಇತಿಹಾಸ, ಲೇಖಕರ ಪರಿಚಯ, ಪತ್ರಿಕೆಗಳ ಸೂಚಿ ಇವುಗಳನ್ನು ಶ್ರದ್ಧೆಯಿಂದ ಸಂಗ್ರಹಿಸಿವೆ. ಇನ್ನು ಆಗಬೇಕಾದ ಕೆಲಸ ಬಸ್ತಿಗಳಲ್ಲಿ ಮತ್ತು ಪುನರ್ವಸತಿ ಕಟ್ಟಡಗಳಲ್ಲಿ ವಾಸವಾಗಿರುವ ಕನ್ನಡಿಗರ ಬಾಯಿಮಾತಿನ ವೃತ್ತಾಂತಗಳನ್ನು, ಅವರವರ ಸೀಮೆಯ ಕನ್ನಡದಲ್ಲಿಯೇ, ತಿದ್ದದೆ ದಾಖಲಿಸುವುದು. ಎಲ್ಲಿಂದ ಬಂದರು, ಮೊದಲ ರಾತ್ರಿ ಎಲ್ಲಿ ಮಲಗಿದರು, ಜಾಗಕ್ಕೆ ಯಾರಿಗೆ ಎಷ್ಟು ತೆತ್ತರು, ಎಷ್ಟು ಸಲ ಎದ್ದರು, ಮನೆಯೆಂದರೆ ಅವರಿಗೆ ಏನು ಬೇಕು: ಇಷ್ಟು ಪ್ರಶ್ನೆಗಳು ಸಾಕು. ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದನ್ನು ಕರುಣೆಯ ವರ್ಣನೆಯಿಂದ ಹಕ್ಕಿನ ವಿಚಾರದ ಕಡೆಗೆ ತಿರುಗಿಸಿದ್ದು ಅಂಥ ನಾಲ್ಕಾರು ಸಾಲುಗಳ ವೃತ್ತಾಂತಗಳೇ ಎಂಬುದನ್ನು ನಾವು ಕಂಡಿದ್ದೇವೆ. ಧಾರಾವಿಯ ಕೇರಿಗಳು ಖಾಲಿಯಾಗುವ ಮುನ್ನ ಈ ಕೆಲಸ ಆರಂಭವಾಗಬೇಕು.